28 ದಿನದ ಶ್ರೀಮಂತರು

ಒಂದು ವರ್ಷ ಓದಲು ವಿದೇಶಕ್ಕೆ ಹೊರಟಿದ್ದೀರಂತೆ. ಶುಭವಾಗಲಿ. ಏನು ಓದಲು ಎಂದು ಕೇಳಿ ನಿಮಗೆ ಮುಜುಗರ ಮಾಡುವುದಿಲ್ಲ. ಮನೆಯಲ್ಲೇ ಯಾರೂ ಕೇಳಿಲ್ಲ, ನಾನ್ಯಾಕೆ ಕೇಳಲಿ?

ಇಂಗ್ಲೆಂಡಿನ ಒಂದು ವರ್ಷದ ಮಾಸ್ಟರ್ಸ್ ನಮ್ಮ ಮಧ್ಯಮ ವರ್ಗದ ಹೊಸ ಹರಕೆ. ಇಂಜಿನಿಯರಿಂಗ್ ಮುಗಿದಿದೆ. ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕಿಲ್ಲ. ನೆಂಟರ ಮದುವೆಗೆ ಹೋದರೆ ‘ಹುಡುಗ ಏನ್ಮಾಡ್ತಿದಾನೆ’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಯುಕೆಗೆ ಕಳಿಸಿಬಿಡಿ. ಅಮೆರಿಕದಲ್ಲಾದರೆ ಎರಡು ವರ್ಷ, ಯುಕೆಯಲ್ಲಿ ಒಂದೇ. ಅರ್ಧ ಸಮಯ, ಪೂರ್ತಿ ಫಾರಿನ್.

ಮೊದಲು ಕನ್ಸಲ್ಟೆನ್ಸಿಗೆ ಹೋಗಬೇಕು. ಗೋಡೆ ತುಂಬ ಬಿಗ್ ಬೆನ್, ಮೇಜಿನ ಮೇಲೆ ಪುಟ್ಟ ಯೂನಿಯನ್ ಜ್ಯಾಕ್. ‘ಬಜೆಟ್ ಎಷ್ಟು ಸಾರ್?’ ಇದು ಮೊದಲ ಪ್ರಶ್ನೆ. ‘ಬ್ಯಾಕ್‌ಲಾಗ್ ಎಷ್ಟಿದೆ?’ ಎರಡನೆಯದು. ‘ಆಮೇಲೆ ಅಲ್ಲೇ ಇರಬಹುದು ತಾನೇ?’ ಇದು ಅಪ್ಪನ ಪ್ರಶ್ನೆ. ಸಿಲಬಸ್ ಏನು, ಪಾಠ ಮಾಡುವವರು ಯಾರು, ಗ್ರಂಥಾಲಯ ಹೇಗಿದೆ? ಇವನ್ನು ಕೇಳಿದರೆ ಕೌಂಟರಿನ ಹುಡುಗಿ ನಿಮ್ಮನ್ನು ಅನುಮಾನದಿಂದ ನೋಡುತ್ತಾಳೆ.

ಮೆಕ್ಯಾನಿಕಲ್ ಓದಿದವನಿಗೆ ಇಂಟರ್‌ನ್ಯಾಷನಲ್ ಬಿಸಿನೆಸ್ ಮ್ಯಾನೇಜ್‌ಮೆಂಟ್. ಸಿವಿಲ್ ಓದಿದವನಿಗೂ ಅದೇ. ಬಿಕಾಂ ಓದಿದವಳಿಗೂ ಅದೇ. ಕಾಯಿಲೆ ಯಾವುದಾದರೇನು, ಔಷಧಿ ಒಂದೇ.

ಸಲಹೆ ಪೂರ್ತಿ ಉಚಿತ. ಯಾಕೆ ಉಚಿತ ಎಂದು ಯೋಚಿಸಿದ್ದೀರಾ? ನೀವು ಸೇರಿದ ಮೇಲೆ ವಿಶ್ವವಿದ್ಯಾಲಯ ಅವರಿಗೆ ಕಮಿಷನ್ ಕೊಡುತ್ತದೆ. ಮಾರುವವನ ಹಣ ತಿಂದು ಕೊಳ್ಳುವವನಿಗೆ ಬುದ್ಧಿ ಹೇಳುವ ಕಸುಬಿದು. ಎಪಿಎಂಸಿ ಯಾರ್ಡಿನ ದಲ್ಲಾಳಿಗಾದರೂ ಲೈಸೆನ್ಸ್ ಬೇಕು. ಇವರಿಗೆ ಬೋರ್ಡು ಬರೆಸಿದರೆ ಸಾಕು.

ಮುಂದಿನದು ಸ್ಟೇಟ್‌ಮೆಂಟ್ ಆಫ್ ಪರ್ಪಸ್. ನಿಮ್ಮ ಜೀವನದ ಗುರಿಯನ್ನು ನೀವೇ ಬರೆಯಬೇಕಾದ ಪತ್ರ. ಅದನ್ನು ಕನ್ಸಲ್ಟೆನ್ಸಿಯವರು ಬರೆಯುತ್ತಾರೆ. ‘ಬಾಲ್ಯದಿಂದಲೂ ನನಗೆ ಸಪ್ಲೈ ಚೈನ್ ಎಂದರೆ ಅಪಾರ ಆಸಕ್ತಿ’ ಎಂದು ಶುರುವಾಗುತ್ತದೆ. ಬಾಲ್ಯದಲ್ಲಿ ನೀವು ಕ್ರಿಕೆಟ್ ಆಡುತ್ತಿದ್ದಿರಿ. ಇರಲಿ.

ಶಿಫಾರಸು ಪತ್ರದ ಕಥೆಯೂ ಇದೇ. ಎಚ್‌ಒಡಿ ಹೇಳುತ್ತಾರೆ: ‘ನೀನೇ ಬರ್ಕೊಂಡ್ ಬಾರಪ್ಪಾ, ಸೈನ್ ಹಾಕ್ತೀನಿ.’ ನಾಲ್ಕು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ಶಿಷ್ಯನ ಬಗ್ಗೆ ಹತ್ತು ಸಾಲು ಗೊತ್ತಿಲ್ಲ. ಶಿಷ್ಯನಿಗೆ ತನ್ನ ಬಗ್ಗೆ ಬಹಳ ಗೊತ್ತಿದೆ. ತರಗತಿಯ ಮೊದಲ ಐದು ಮಂದಿಯಲ್ಲಿ ಒಬ್ಬ, ನಾಯಕತ್ವದ ಗುಣ, ಅಪ್ರತಿಮ ಪ್ರಾಮಾಣಿಕತೆ. ಪ್ರಾಮಾಣಿಕತೆಯ ಸಾಲನ್ನು ಬರೆಯುವಾಗ ಅವನ ಕೈ ನಡುಗುವುದಿಲ್ಲ. ಸಹಿ ಹಾಕುವಾಗ ಅವರ ಕೈಯೂ ನಡುಗುವುದಿಲ್ಲ.

ಈಗ ದುಡ್ಡಿನ ವಿಷಯ. ಇಲ್ಲಿ ನಮ್ಮವರ ಪ್ರತಿಭೆ ಪೂರ್ತಿ ಅರಳುತ್ತದೆ.

ಬ್ರಿಟಿಷ್ ವೀಸಾ ನಿಯಮ ಸರಳ. ಬಾಕಿ ಇರುವ ಕೋರ್ಸ್ ಫೀಜಿನ ಜತೆಗೆ ಒಂಬತ್ತು ತಿಂಗಳ ಜೀವನದ ಖರ್ಚೂ ನಿಮ್ಮಲ್ಲಿದೆ ಎಂದು ತೋರಿಸಬೇಕು. 2025ರ ನವೆಂಬರ್‌ನಿಂದ ಇದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171. ಕಡಿಮೆಯದನ್ನೇ ಹಿಡಿದರೂ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಆ ಹಣ ನಿಮ್ಮದೋ ಅಪ್ಪ ಅಮ್ಮನದೋ ಖಾತೆಯಲ್ಲಿ ಸತತ 28 ದಿನ ಕದಲದೆ ಕೂತಿರಬೇಕು.

28 ದಿನ! ನಮ್ಮವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇಕೇ?

ಮಾವ ಮೂರು ಲಕ್ಷ ಹಾಕುತ್ತಾನೆ. ಚಿಕ್ಕಪ್ಪ ಸೈಟು ಮಾರಿದ ದುಡ್ಡು ತಂದು ಹಾಕುತ್ತಾನೆ. ಸಾಲದೆ ಬಂದದ್ದಕ್ಕೆ ಫೈನಾನ್ಸಿನವನಿದ್ದಾನೆ, 28 ದಿನಕ್ಕೆ ಇಷ್ಟು ಬಡ್ಡಿ ಎಂದು ಅವನದೇ ರೇಟು ಕಾರ್ಡು. ಇಡೀ ವಂಶ ಸೇರಿ ಒಬ್ಬ ಹುಡುಗನನ್ನು ನಾಲ್ಕು ವಾರ ಸಾಹುಕಾರನನ್ನಾಗಿ ಮಾಡುತ್ತದೆ. ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ಬರುತ್ತದೆ, ಸೀಲು ಬೀಳುತ್ತದೆ. ಇಪ್ಪತ್ತೊಂಬತ್ತನೇ ದಿನ ಎಲ್ಲರೂ ತಮ್ಮ ತಮ್ಮ ಹಣ ತೆಗೆದುಕೊಂಡು ಹೋಗುತ್ತಾರೆ. ಹುಡುಗ ಬಡವನಾಗಿಯೇ ವಿಮಾನ ಹತ್ತುತ್ತಾನೆ.

ಆ ನಿಯಮದ ಅರ್ಥ ಇಷ್ಟೇ: ಅಲ್ಲಿ ದುಡಿಯದೆ ನಿಮ್ಮ ಹೊಟ್ಟೆ ತುಂಬಬೇಕು, ಓದಿಗೆ ಸಮಯ ಇರಬೇಕು. ಅದನ್ನು ಒಪ್ಪಿ ಸಹಿ ಹಾಕಿದವನು ವಿಮಾನ ಇಳಿಯುವ ಮೊದಲೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳುತ್ತಾನೆ: ‘ಬ್ರೋ, ಪಾರ್ಟ್‌ಟೈಮ್ ಏನಾದ್ರೂ ಇದೆಯಾ?’

ಇನ್ನು ಸಾಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿದು ಒಂದು ವರ್ಷದ ತನಕ ಕಂತು ಇಲ್ಲ. ಆಮೇಲೆ ಹದಿನೈದು ವರ್ಷದವರೆಗೆ ಕಟ್ಟಬಹುದು. ಒಂದು ವರ್ಷದ ಓದು, ಹದಿನೈದು ವರ್ಷದ ಕಂತು. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವಿಡಬೇಕು. ಮನೆ ಪತ್ರ ಬ್ಯಾಂಕಿಗೆ ಹೋಗುತ್ತದೆ, ಅಪ್ಪನ ಪಿಎಫ್ ವಿಮಾನ ಹತ್ತುತ್ತದೆ. ಗಿರೀಶ ಕಾರ್ನಾಡರು ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ ‘ಯಯಾತಿ’ ಬರೆದರು. ಅದರಲ್ಲಿ ಅಪ್ಪನ ಮುಪ್ಪನ್ನು ಮಗ ಹೊತ್ತುಕೊಳ್ಳುತ್ತಾನೆ. ಈಗಿನ ಮಗ ಅಪ್ಪನ ಮುಪ್ಪಿಗೆ ಇಟ್ಟಿದ್ದ ದುಡ್ಡನ್ನು ಹೊತ್ತುಕೊಳ್ಳುತ್ತಾನೆ.

ಸೂಟ್‌ಕೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಕ್ಕರು, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಡೋಲೋ 650 ಮೂರು ಸ್ಟ್ರಿಪ್. ಪುಸ್ತಕ ಒಂದೂ ಇಲ್ಲ. ವೀಸಾ ಜತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್ಚಾರ್ಜ್ ಕಟ್ಟಿಸಿಕೊಂಡಿದ್ದಾರೆ. ಅಲ್ಲಿನ ಡಾಕ್ಟರ ಬಳಿ ಹೆಸರು ನೋಂದಾಯಿಸಲು ಬಿಡಿಗಾಸು ಕೊಡಬೇಕಿಲ್ಲ. ಮೊದಲ ವಾರವೇ ಮಾಡಿಸಿ. ಯಾರೂ ಮಾಡಿಸುವುದಿಲ್ಲ. ಜ್ವರ ಬಂದ ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್. ಅಷ್ಟು ದುಡ್ಡು ಕಟ್ಟಿ ಡೋಲೋ ನುಂಗುವ ಶೋಕಿ ನಮಗಲ್ಲದೆ ಇನ್ಯಾರಿಗಿದೆ?

ಬಂದಿಳಿದಿರಿ. ಟೈಮ್‌ಟೇಬಲ್ ಕೈಗೆ ಬಂತು. ವಾರಕ್ಕೆ ಎರಡು ಮೂರು ದಿನ ಮಾತ್ರ ಕ್ಲಾಸು! ಹಬ್ಬ!

ಸ್ವಾಮಿ, ಅಲ್ಲಿನ ಮಾಸ್ಟರ್ಸ್ ಎಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಹತ್ತು ಗಂಟೆ ಓದು. ಒಟ್ಟು 1,800 ಗಂಟೆ. ಮೇಷ್ಟ್ರು ಎದುರಿಗೆ ನಿಂತು ಹೇಳುವುದು ಅದರಲ್ಲಿ ಸಣ್ಣ ಪಾಲು, ಉಳಿದದ್ದು ನೀವು ಗ್ರಂಥಾಲಯದಲ್ಲಿ ಕೂತು ಓದಬೇಕಾದದ್ದು. ಖಾಲಿ ಬಿಟ್ಟಿರುವ ದಿನಗಳೇ ಕೋರ್ಸು. ನಮ್ಮವರು ಅದನ್ನು ರಜೆ ಎಂದುಕೊಂಡು ಗೋದಾಮಿನ ಶಿಫ್ಟಿಗೆ ಹೊರಡುತ್ತಾರೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲಾಗುತ್ತದೆ. ಅಷ್ಟರಲ್ಲಿ ಮೊದಲ ಸೆಮಿಸ್ಟರಿನ ಪಾಠವೂ ಮುಗಿದಿರುತ್ತದೆ. ಗೊತ್ತಾಗುವುದು ಜನವರಿಯ ಪರೀಕ್ಷೆಯಲ್ಲಿ.

ಮೇಷ್ಟ್ರ ಕೋಣೆಗೆ ಹೋಗಿ ಪ್ರಶ್ನೆ ಕೇಳಬಹುದು. ಅದಕ್ಕೆಂದೇ ವಾರದಲ್ಲಿ ಗಂಟೆ ನಿಗದಿ ಮಾಡಿ ಬಾಗಿಲ ಮೇಲೆ ಬರೆದಿರುತ್ತಾರೆ. ನಮ್ಮ ಹುಡುಗ ಹೋಗುವುದಿಲ್ಲ. ಪ್ರಶ್ನೆ ಕೇಳಿದರೆ ಇಂಟರ್ನಲ್ಸ್ ಮಾರ್ಕ್ಸ್ ಕತ್ತರಿಸುವ ಕಾಲೇಜಿನಿಂದ ಬಂದವನು ಪಾಪ. ಇದೊಂದು ವಿಷಯದಲ್ಲಿ ಅವನನ್ನು ಬೈಯಲು ನನಗೆ ಮನಸ್ಸಿಲ್ಲ.

ಅಸೈನ್‌ಮೆಂಟಿನ ವಿಷಯದಲ್ಲಿ ಬೈಯಬಹುದು. ನಮ್ಮಲ್ಲಿ ಫೈನಲ್ ಇಯರ್ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳುತ್ತೇವೆ. ಕಾಲೇಜಿನ ಗೇಟಿನೆದುರೇ ಪ್ರಾಜೆಕ್ಟ್ ಸೆಂಟರ್, ರಿಪೋರ್ಟು ಬೈಂಡಿಂಗ್ ಸಮೇತ ಸಿಗುತ್ತದೆ. ಪ್ರಿನ್ಸಿಪಾಲರಿಗೂ ಗೊತ್ತು, ವಿಶ್ವವಿದ್ಯಾಲಯಕ್ಕೂ ಗೊತ್ತು. ಇಂಗ್ಲೆಂಡಿನಲ್ಲಿ ದುಡ್ಡಿಗೆ ಪ್ರಬಂಧ ಬರೆದುಕೊಡುವ ದಂಧೆಯನ್ನು 2022ರ ಕಾನೂನು ಅಪರಾಧ ಮಾಡಿತು. ಬರೆಸಿಕೊಂಡು ಸಿಕ್ಕಿಬಿದ್ದವನನ್ನು ವಿಶ್ವವಿದ್ಯಾಲಯ ಹೊರಗೆ ಹಾಕಬಹುದು. ಹಾಕಿದರೆ ವೀಸಾವೂ ಹೋಗುತ್ತದೆ. ಆಗ ನಮ್ಮವನು ಹೇಳುವ ಮಾತು: ‘ತುಂಬಾ ಸ್ಟ್ರಿಕ್ಟು ಕಣೋ ಇಲ್ಲಿ.’

ಈಗ ದುಡಿಮೆಯ ಪ್ರಕರಣ. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಸ್ವಂತ ಉದ್ಯೋಗ ಕೂಡದು. ಆ್ಯಪಿನಲ್ಲಿ ಊಟ ಹೊತ್ತೊಯ್ಯುವ ಕೆಲಸ ಅಲ್ಲಿ ಸ್ವಂತ ಉದ್ಯೋಗದ ಲೆಕ್ಕಕ್ಕೆ ಬರುತ್ತದೆ. ಅಂದರೆ ವಿದ್ಯಾರ್ಥಿಗೆ ನಿಷಿದ್ಧ. ಆದರೆ ಇನ್ನೊಬ್ಬನ ಖಾತೆ ಬಾಡಿಗೆಗೆ ಸಿಗುತ್ತದೆ. ಬಾಡಿಗೆಗೆ ಕೊಡುವವನು ಹೆಚ್ಚಾಗಿ ನಮ್ಮವನೇ.

ಇಪ್ಪತ್ತು ಗಂಟೆ ಮೀರಿದ ದುಡಿಮೆಗೂ ನಮ್ಮವರೇ ಆಸರೆ. 2025ರ ಏಪ್ರಿಲ್‌ನಲ್ಲಿ ವಯಸ್ಕರ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ‘ನಮ್ಮೂರ ಹುಡುಗ’ ಎಂದು ಬೆನ್ನು ತಟ್ಟುವ ಅಂಗಡಿ ಮಾಲೀಕ ಅದರ ಅರ್ಧ ಕೊಡುತ್ತಾನೆ. ನಗದು, ರಸೀದಿ ಇಲ್ಲ. ದೂರು ಕೊಟ್ಟರೆ ಮೊದಲು ಹೋಗುವುದು ಹುಡುಗನ ವೀಸಾ ಎಂಬುದು ಮಾಲೀಕನಿಗೆ ಚೆನ್ನಾಗಿ ಗೊತ್ತು. ಅದೇ ಮಾಲೀಕ ದೀಪಾವಳಿಗೆ ದೇವಸ್ಥಾನದಲ್ಲಿ ಅನ್ನದಾನ ಮಾಡುತ್ತಾನೆ. ಬಡಿಸಲು ಅದೇ ಹುಡುಗರು.

ಊರಿನಲ್ಲಿ ಉಂಡ ತಟ್ಟೆ ಎತ್ತದ ಗಂಡುಮಗ ಲೆಸ್ಟರಿನ ಹೋಟೆಲಿನಲ್ಲಿ ರಾತ್ರಿ ಒಂದರ ತನಕ ತಟ್ಟೆ ತೊಳೆಯುತ್ತಾನೆ. ತಪ್ಪೇನಿಲ್ಲ, ಒಳ್ಳೆಯದೇ. ಆದರೆ ಊರಿನಲ್ಲಿ ಅದೇ ಕೆಲಸ ಮಾಡುವ ಹೆಂಗಸಿಗೆ ಅವನ ಮನೆಯಲ್ಲಿ ಬೇರೆ ಲೋಟ ಇದೆ. ಅವಳು ತಿಂಗಳಿಗೆ ಐನೂರು ಜಾಸ್ತಿ ಕೇಳಿದರೆ ‘ಇವರಿಗೆಲ್ಲ ತಲೆ ತಿರುಗಿದೆ’ ಎನ್ನುತ್ತಾರೆ ಅವನಮ್ಮ. ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿ ನೋಡಿ. ‘ಹಾಸ್ಪಿಟಾಲಿಟಿ ಸೆಕ್ಟರ್!’

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅಲ್ಲಿಗೆ ಹೋಗದ ಕನ್ನಡ ವಿದ್ಯಾರ್ಥಿ ಇಲ್ಲ. ಹೋಗುತ್ತಾನೆ, ಸೆಲ್ಫಿ ಹೊಡೆಯುತ್ತಾನೆ, ‘ಹೆಮ್ಮೆಯ ಕನ್ನಡಿಗ’ ಎಂದು ಹಾಕುತ್ತಾನೆ. ಕೋಣೆಗೆ ವಾಪಸಾಗಿ ರೂಂಮೇಟ್ ಬೇಕೆಂದು ಜಾಹೀರಾತು ಹಾಕುತ್ತಾನೆ: ‘ವೆಜ್ ಓನ್ಲಿ. ನಮ್ಮ ಕಡೆಯವರಾದರೆ ಉತ್ತಮ.’ ನಮ್ಮ ಕಡೆ ಎಂದರೆ ಯಾವ ಕಡೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಜಾತಿ ಕೇಳಬೇಡಿ ಎಂದವನ ಕಾಲಬುಡದಿಂದ ಅವನ ಕೋಣೆಗೆ ಟ್ಯೂಬಿನಲ್ಲಿ ಅರ್ಧ ಗಂಟೆ.

ಅದೇ ದಿನ ಮೋದಿಯವರು ಇನ್ನೊಂದು ಕಡೆಗೂ ಹೋಗಿದ್ದರು. ಪ್ರಿಮ್‌ರೋಸ್ ಹಿಲ್ ಬಳಿ, 10, ಕಿಂಗ್ ಹೆನ್ರೀಸ್ ರಸ್ತೆ. ಅಂಬೇಡ್ಕರ್ ಓದುವಾಗ ಇದ್ದ ಮನೆ. ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿದೆ. ಅಲ್ಲಿ ಸೆಲ್ಫಿಯ ಸಾಲು ಕಾಣಿಸುವುದಿಲ್ಲ. ವಿದ್ಯಾರ್ಥಿವೇತನ ಮುಗಿದು ಅಂಬೇಡ್ಕರ್ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು. ಬೊಂಬಾಯಿಯಲ್ಲಿ ಮೇಷ್ಟ್ರ ಕೆಲಸ ಮಾಡಿ ಕಾಸು ಕೂಡಿಟ್ಟರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. 1920ರಲ್ಲಿ ಮತ್ತೆ ಹೋಗಿ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿ ಬಾಗಿಲು ಹಾಕುವ ತನಕ ಕೂತರು. ವಿದೇಶದ ಓದನ್ನು ಹೇಗೆ ದಕ್ಕಿಸಿಕೊಳ್ಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಬಳಿ ಇಲ್ಲ. ಆದರೆ ಇದಕ್ಕೆ ಲೈಕು ಕಡಿಮೆ.

‘ಅಲ್ಲಿ ಜನಾಂಗಭೇದ ಇದೆಯಂತೆ?’ ಹಬ್ಬದೂಟಕ್ಕೆ ಬಂದ ನೆಂಟರು ಆತಂಕದಿಂದ ಕೇಳುತ್ತಾರೆ. ಇದೆ. ಬಸ್ಸಿನಲ್ಲಿ ಯಾರೋ ಕುಡುಕ ಕೂಗುತ್ತಾನೆ, ಬಾಡಿಗೆ ಮನೆಯವನು ಹೆಸರು ಕೇಳಿ ಫೋನಿಡುತ್ತಾನೆ. ನೋವಾಗುತ್ತದೆ, ಆಗಬೇಕು. ಹೀಗೆ ಕೇಳಿದ ನೆಂಟರು ಮಲ್ಲೇಶ್ವರದ ತಮ್ಮ ಮಹಡಿ ಮನೆಯನ್ನು ಮಾಂಸ ತಿನ್ನುವವರಿಗೆ ಕೊಡುವುದಿಲ್ಲ. ಮುಸ್ಲಿಮರಿಗೆ ಕೊಡುವುದಿಲ್ಲ. ಈಶಾನ್ಯದ ಹುಡುಗಿಯರಿಗೆ ‘ಅಡುಗೆ ವಾಸನೆ’ ಎಂದು ಕೊಡುವುದಿಲ್ಲ. ಕೊಟ್ಟವರಿಂದ ಹತ್ತು ತಿಂಗಳ ಅಡ್ವಾನ್ಸ್ ಹಿಡಿದು, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳದ್ದು ನುಂಗುತ್ತಾರೆ. ಇಂಗ್ಲೆಂಡಿನಲ್ಲಿ 2019ರ ಕಾನೂನು ಸಾಮಾನ್ಯ ಬಾಡಿಗೆ ಮನೆಗಳ ಡೆಪಾಸಿಟ್ಟನ್ನು ಐದು ವಾರದ ಬಾಡಿಗೆಗೆ ಮಿತಿಗೊಳಿಸಿದೆ. ಅದು ಕಾನೂನು ಮಾನ್ಯ ಮಾಡಿದ ರಕ್ಷಣಾ ಯೋಜನೆಯಲ್ಲಿರಬೇಕು. ಇದನ್ನು ಕೇಳಿ ನೆಂಟರು ‘ಎಂಥಾ ಸಿಸ್ಟಮ್ಮು!’ ಎಂದು ಮೆಚ್ಚಿ ಪಾಯಸ ಹಾಕಿಸಿಕೊಳ್ಳುತ್ತಾರೆ.

ನಮ್ಮಲ್ಲಿಗೂ ವಿದೇಶಿ ವಿದ್ಯಾರ್ಥಿಗಳು ಓದಲು ಬರುತ್ತಾರೆ. 2016ರ ಜನವರಿ ಕೊನೆಯ ರಾತ್ರಿ ಬೆಂಗಳೂರಿನ ಸೋಲದೇವನಹಳ್ಳಿಯ ಬಳಿ, ಸೂಡಾನಿನವನೊಬ್ಬ ಮಾಡಿದ ಅಪಘಾತಕ್ಕೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಅವಳ ಕಾರಿಗೆ ಬೆಂಕಿ ಬಿತ್ತು. ಅವಳ ಚರ್ಮದ ಬಣ್ಣವೇ ಅವಳ ಅಪರಾಧ. ಅವಳ ಅಪ್ಪ ಅಮ್ಮನೂ ಮಗಳನ್ನು ‘ಫಾರಿನ್’ಗೆ ಕಳಿಸಿದ್ದರು.

ಬಿಳಿಯರೇನು ಸಾಚಾ ಎಂದುಕೊಳ್ಳಬೇಡಿ. ಇಂಗ್ಲೆಂಡ್ ತನ್ನ ಮಕ್ಕಳ ಪದವಿ ಶುಲ್ಕವನ್ನು 2017ರಿಂದ 9,250 ಪೌಂಡಿನಲ್ಲೇ ಹಿಡಿದಿಟ್ಟಿತು. 2025ರಲ್ಲಿ ಒಂಚೂರು ಏರಿಸಿತು, 9,535. ಖರ್ಚು ಏರುತ್ತಲೇ ಇತ್ತು. ಆ ತೂತನ್ನು ಮುಚ್ಚಿದ್ದು ನಿಮ್ಮಪ್ಪನ ಸಾಲ. ಒಂದು ಕಡೆ ಮಂತ್ರಿಗಳು ‘ವಲಸೆ ಹೆಚ್ಚಾಯಿತು’ ಎಂದು ಎದೆ ಬಡಿದುಕೊಳ್ಳುತ್ತಾರೆ. 2024ರ ಜನವರಿಯಿಂದ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ ಎಂದರು. ಸಂಶೋಧನಾ ಕೋರ್ಸಿಗೆ ವಿನಾಯಿತಿ. ಇನ್ನೊಂದು ಕಡೆ ಅವರದೇ ವಿಶ್ವವಿದ್ಯಾಲಯಗಳು ಬೆಂಗಳೂರಿನ ಸ್ಟಾರ್ ಹೋಟೆಲಿನಲ್ಲಿ ಮೇಜು ಹಾಕಿ ‘ಸ್ಪಾಟ್ ಆಫರ್’ ಹಂಚುತ್ತವೆ. ನೀವು ಬೇಡ, ನಿಮ್ಮ ಫೀಜು ಬೇಕು.

ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲೇ ಕ್ಯಾಂಪಸ್ ತೆರೆಯಲು ಯುಜಿಸಿ 2025ರಲ್ಲಿ ಸಮ್ಮತಿ ಪತ್ರ ಕೊಟ್ಟಿತು. ಓದೇ ಮುಖ್ಯವಾದರೆ ಸಂತೋಷದ ಸುದ್ದಿ. ಮನೆಯೂಟ, ಅದೇ ಪದವಿ. ಪಕ್ಕದ ಮನೆಯವರಿಗೆ ಹೇಳಿ ನೋಡಿ. ‘ಇಲ್ಲೇ ಓದೋದಕ್ಕೆ ಅಷ್ಟು ದುಡ್ಡು ಯಾಕ್ರೀ?’ ಎನ್ನುತ್ತಾರೆ. ವೀಸಾ ಇಲ್ಲದ ಪದವಿ ಯಾರಿಗೆ ಬೇಕು? ಮಾತು ಅಲ್ಲಿಗೆ ಬಯಲಾಯಿತು.

ಅಲ್ಲಿಗೆ ಹೋದವನಿಗೆ ಜತೆ ಯಾರದ್ದು? ಕೋಣೆಯಲ್ಲಿ ಆರು ಜನ, ಆರೂ ನಮ್ಮವರು. ಮಾತು ಬಿಗ್ ಬಾಸ್, ಊಟ ಚಿತ್ರಾನ್ನ, ಜಗಳ ಆರ್‌ಸಿಬಿ. ಸಮುದ್ರ ದಾಟಿ ಹೋಗಿ ರಾಜಾಜಿನಗರದ ಪಿಜಿ ಕಟ್ಟಿಕೊಳ್ಳುತ್ತಾರೆ. ಪಕ್ಕದ ಕೋಣೆಯ ನೈಜೀರಿಯಾದವನ ಹೆಸರು ಗೊತ್ತಿಲ್ಲ. ಮೇಲಿನ ಮಹಡಿಯ ಚೀನಾದವಳು ವರ್ಷವಿಡೀ ‘ಆ ಚೀನಾದವಳು’. ನವೆಂಬರ್ ಬಂದರೆ ಪಂಚೆ, ಶಲ್ಯ, ರಾಜ್ಯೋತ್ಸವ. ಊರಿನಲ್ಲಿ ಕನ್ನಡ ಪೇಪರ್ ಮುಟ್ಟದವನು ವೇದಿಕೆಯಲ್ಲಿ ಕನ್ನಡ ಉಳಿಸಿ ಎಂದು ಗದ್ಗದನಾಗುತ್ತಾನೆ.

ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿಗೆ ಪಿಎಚ್‌ಡಿ ಮಾಡಲು ಹೋದರು. ಬರ್ಗ್‌ಮನ್ ಸಿನಿಮಾ ನೋಡಿದರು, ತಮ್ಮ ಮೇಷ್ಟ್ರ ಜತೆ ಹರಟಿದರು. ಅಲ್ಲಿ ಕೂತು ತಮ್ಮ ಅಗ್ರಹಾರವನ್ನೇ ದೂರದಿಂದ ನೋಡಿದರು. ‘ಸಂಸ್ಕಾರ’ ಹುಟ್ಟಿತು. ಅದೇ ಬರ್ಮಿಂಗ್‌ಹ್ಯಾಮಿನಲ್ಲಿ ಈಗಿನವರು ಬುಲ್‌ರಿಂಗ್ ಮಾಲ್ ಮುಂದೆ ರೀಲ್ಸ್ ಮಾಡುತ್ತಾರೆ. ಎಲ್ಲರೂ ಕಾದಂಬರಿ ಬರೆಯಲಿ ಎಂದು ಯಾರೂ ಹೇಳುತ್ತಿಲ್ಲ. ಒಂದು ಪುಸ್ತಕ ಓದಿದ್ದರೂ ಸಾಕಿತ್ತು.

ಕೆಲಸ ಹುಡುಕುವುದು ಯಾವಾಗ? ಕೋರ್ಸ್ ಮುಗಿದ ಮೇಲೆ ಎನ್ನುತ್ತಾನೆ ನಮ್ಮ ಹುಡುಗ. ದೊಡ್ಡ ಕಂಪನಿಗಳು ಮುಂದಿನ ವರ್ಷದ ಪದವೀಧರರ ನೇಮಕಾತಿಗೆ ಅರ್ಜಿ ಕರೆಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಇವನು ಜಾಕೆಟ್ ಕೊಳ್ಳಲು ಅಂಗಡಿ ಸುತ್ತುವ ವಾರಗಳವು. ಕ್ಯಾಂಪಸ್ಸಿನಲ್ಲಿ ಕೆರಿಯರ್ ಕಚೇರಿ ಇರುತ್ತದೆ, ಬಯೋಡೇಟಾ ತಿದ್ದಿಕೊಡುತ್ತಾರೆ, ಸಂದರ್ಶನದ ತಾಲೀಮು ಮಾಡಿಸುತ್ತಾರೆ. ಕಟ್ಟಿದ ಫೀಜಿನಲ್ಲೇ ಅದೂ ಸೇರಿದೆ. ನಮ್ಮವನು ಜೂನ್ ತಿಂಗಳಲ್ಲಿ ಅದರ ಬಾಗಿಲು ಹುಡುಕುತ್ತಾನೆ.

ಕಂಪನಿ ಪ್ರಾಯೋಜಿಸುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಸಾಮಾನ್ಯ ಸಂಬಳದ ಗೆರೆ 2025ರ ಜುಲೈನಿಂದ ವರ್ಷಕ್ಕೆ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದೆ, ಅದೂ 33,400. ಗೋದಾಮಿನ ಶಿಫ್ಟು, ಬಾಡಿಗೆ ಖಾತೆಯ ಬೈಸಿಕಲ್ಲು ಈ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಒಂದು ವರ್ಷ ಅದನ್ನೇ ಅಭ್ಯಾಸ ಮಾಡಿದವನಿಗೆ ಬೇರೆ ಏನನ್ನು ಕೊಡಬೇಕು?

ಕೊನೆಗೊಂದು ವಿಷಯ. ಓದು ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಕೊಡುವ ಗ್ರಾಜುಯೇಟ್ ವೀಸಾ 2021ರಲ್ಲಿ ಶುರುವಾದಾಗ ಎರಡು ವರ್ಷದ್ದು. 2027ರ ಜನವರಿ 1ರಿಂದ ಅದಕ್ಕೆ ಅರ್ಜಿ ಹಾಕುವ ಮಾಸ್ಟರ್ಸ್ ಪದವೀಧರರಿಗೆ 18 ತಿಂಗಳು ಮಾತ್ರ. ಕನ್ಸಲ್ಟೆನ್ಸಿಯ ಗೋಡೆಯ ಮೇಲೆ ಈಗಲೂ ಎರಡು ವರ್ಷ ಎಂದೇ ಬರೆದಿದ್ದರೆ, ಅಡ್ವಾನ್ಸ್ ಕಟ್ಟುವ ಮೊದಲು ಅದನ್ನು ಅಳಿಸಲು ಹೇಳಿ.